ಕನ್ನಡ ಪತ್ರಿಕೆಯ ಪ್ರಕಟಣೆ ಬಿಟ್ಟುಹೋಗಿತ್ತು

ತಮ್ಮನೂ ನಾನೂ ತುಮಕೂರಿನಲ್ಲಿ ನಡೆಸುವ ಮಸಾಲೆ ಪುಡಿ ಘಟಕ ಪಾಲುದಾರಿಕೆಯಲ್ಲಿತ್ತು. ಅದನ್ನು ಪ್ರೈವೇಟ್ ಲಿಮಿಟೆಡ್ ಕಂಪನಿ ಮಾಡಲು ಹೊರಟು, ಆಕ್ಷೇಪಣೆ ಇದ್ದವರು ತಿಳಿಸಲಿ ಎಂದು ಇಂಗ್ಲಿಷ್ ಪತ್ರಿಕೆಯಲ್ಲಿ ಪ್ರಕಟಣೆ ಹಾಕಿಸಿ ನಿಶ್ಚಿಂತೆಯಿಂದಿದ್ದೆವು. ಹೊಸ ಕಂಪನಿಗೆ ಕೇಳಿದ್ದ ಹೆಸರು ಮಂಜೂರಾಗಿ ಎಂಟನೇ ದಿನ ಆಡಿಟರ್ ಕೇಳಿದರು, "ಕನ್ನಡದ್ದೆಲ್ಲಿ ಸರ್?"

ಹೊಸದಾಗಿ ಕಂಪನಿ ಕಟ್ಟುವವರಿಗೆ ಈ ತಾಪತ್ರಯವಿಲ್ಲ. ಇರುವ ಪಾಲುದಾರಿಕೆಯನ್ನೇ ಕಂಪನಿಯಾಗಿ ನೋಂದಾಯಿಸುವಾಗ ಮಾತ್ರ 2013ರ ಕಂಪನಿ ಕಾಯ್ದೆಯ 374ನೇ ಕಲಂ ಪ್ರಕಾರ ಯುಆರ್‌ಸಿ-2 ನಮೂನೆಯ ಪ್ರಕಟಣೆ ಬೇಕು. ಅದು ಇಂಗ್ಲಿಷಿನಲ್ಲೂ ಬರಬೇಕು, ಜಿಲ್ಲೆಯ ಪ್ರಮುಖ ಭಾಷೆಯಲ್ಲೂ ಬರಬೇಕು. ನಮಗೆ ಮೆಣಸಿನಕಾಯಿಯನ್ನು ಸಾಲಕ್ಕೆ ಕೊಡುವ ಮಂಡಿಯವರು ಓದುವುದು ಕನ್ನಡ ಪತ್ರಿಕೆಯನ್ನೇ. ಅವರಿಗೆ ತಿಳಿಯದ ಪ್ರಕಟಣೆ ಯಾರಿಗೆ? ನಿಯಮ ನ್ಯಾಯವಾಗಿಯೇ ಇದೆ.

ಎರಡೂ ಪತ್ರಿಕೆಗಳಲ್ಲಿ ಒಂದೇ ದಿನ ಹೊಸದಾಗಿ ಹಾಕಿಸಿದೆವು. ಆದರೆ ಆಕ್ಷೇಪಣೆಗೆ 21 ದಿನ ಕಾಯಬೇಕು, ಮಂಜೂರಾದ ಹೆಸರು ಉಳಿಯುವುದು 20 ದಿನ! ಎಷ್ಟು ಲೆಕ್ಕ ಹಾಕಿದರೂ ಹೊಂದಲಿಲ್ಲ. ಅವಧಿ ಮುಗಿಯುವ ಮುನ್ನ 1,000 ರೂಪಾಯಿ ಕಟ್ಟಿ ಹೆಸರನ್ನು 40 ದಿನಕ್ಕೆ ವಿಸ್ತರಿಸಿಕೊಂಡೆವು. ಆಮೇಲೂ ಬೇಕಿದ್ದರೆ 2,000 ಕಟ್ಟಿ 60 ದಿನದವರೆಗೆ ಎಳೆಯಬಹುದು. ನಮಗೆ ಅಷ್ಟು ಬೇಕಾಗಲಿಲ್ಲ.

ಪತ್ರಿಕೆಯ ತುಣುಕು ಕತ್ತರಿಸಿಡಬೇಡಿ. ಪತ್ರಿಕೆಯ ಹೆಸರು, ತಾರೀಖು ಕಾಣುವಂತೆ ಇಡೀ ಪುಟವನ್ನೇ ಸ್ಕ್ಯಾನ್ ಮಾಡಿ ನೋಂದಣಿಗೆ ಸಲ್ಲಿಸುವ ಯುಆರ್‌ಸಿ-1 ಅರ್ಜಿಗೆ ಲಗತ್ತಿಸಿದೆವು. ಯಾರಿಂದಲೂ ಆಕ್ಷೇಪಣೆ ಬರಲಿಲ್ಲ, ನೋಂದಣಿ ಪತ್ರ ಕೈಸೇರಿತು.