ಸಿಂಗಾಪುರಕ್ಕೆ ಹೊಸಬರೇ? ಮಾಲ್ ಬಿಡಿ, ಪಾರ್ಕಿಗೆ ಬನ್ನಿ

ಹೊಸದಾಗಿ ಬಂದವರ ಶನಿವಾರ, ಭಾನುವಾರ ಮಾಲ್‌ನಲ್ಲೇ ಕಳೆದುಹೋಗುತ್ತದೆ. ಎಸಿ ಇದೆ, ಎಂಆರ್‌ಟಿ (ಇಲ್ಲಿನ ಮೆಟ್ರೊ ರೈಲು) ಬಾಗಿಲಲ್ಲೇ ಇಳಿಸುತ್ತದೆ, ಮಕ್ಕಳೂ ಸುಮ್ನಿರುತ್ತಾರೆ. ಕಾರ್ಡಿನ ಬಿಲ್ ಬಂದಾಗಲೇ ತಲೆಬಿಸಿ. ನಾವೂ ಹಾಗೆ ಮಾಡಿದವರೇ. ಆದರೆ ಈ ಊರಲ್ಲಿ ಒಂದು ಡಾಲರ್ ಖರ್ಚಿಲ್ಲದೆ ಇಡೀ ದಿನ ಕಳೆಯುವ ಜಾಗಗಳು ಬೇಕಾದಷ್ಟಿವೆ.

ಮನೆ ಕೆಳಗಿಂದಲೇ ಶುರು ಮಾಡಿ. ಹೆಚ್ಚಿನ ಎಚ್‌ಡಿಬಿ ಬ್ಲಾಕ್‌ಗಳ (ಸರ್ಕಾರ ಕಟ್ಟಿಸಿದ ಫ್ಲ್ಯಾಟ್‌ಗಳ) ಹತ್ತಿರ ಒಂದು 'ಪಾರ್ಕ್ ಕನೆಕ್ಟರ್' ಸಿಗುತ್ತದೆ. ಒಂದು ಪಾರ್ಕಿನಿಂದ ಇನ್ನೊಂದಕ್ಕೆ ನಡೆಯಲು, ಸೈಕಲ್ ತುಳಿಯಲು ಮಾಡಿರುವ ದಾರಿ ಅದು. ಊರಲ್ಲೆಲ್ಲ ಸೇರಿಸಿದರೆ 300 ಕಿಲೋಮೀಟರಿಗೂ ಜಾಸ್ತಿ. ರಸ್ತೆಬದಿ ಕೊಡೆ ಬಿಚ್ಚಿದಂತೆ ನಿಂತ ಮರಗಳನ್ನು ಎಲ್ಲೋ ನೋಡಿದ್ದೇವಲ್ಲ ಅನಿಸುತ್ತದೆ, ಅಲ್ವಾ? ಬೆಂಗಳೂರಿನ ಹಳೇ ರಸ್ತೆಗಳಲ್ಲಿರುವ ಮಳೆಮರಗಳೇ ಅವು.

ಲಾಲ್‌ಬಾಗ್ ನೆನಪಾದರೆ ಬೊಟಾನಿಕ್ ಗಾರ್ಡನ್ಸ್‌ಗೆ ಹೋಗಿ. ಅದೇ ಹೆಸರಿನ ಎಂಆರ್‌ಟಿ ಸ್ಟೇಷನ್ ಇದೆ. 1859ರ ತೋಟ, 2015ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿತು. ಬೆಳಿಗ್ಗೆ 5ರಿಂದ ರಾತ್ರಿ 12ರವರೆಗೆ ತೆರೆದಿರುತ್ತದೆ. ಆರ್ಕಿಡ್ ತೋಟಕ್ಕೆ ಮಾತ್ರ ಟಿಕೆಟ್. ಐದು ಡಾಲರ್ ನೋಟಿನ ಹಿಂಬದಿಯಲ್ಲಿರುವ ಟೆಂಬುಸು ಮರ ಇಲ್ಲೇ ಇದೆ. ನೋಟನ್ನು ಮಕ್ಕಳ ಕೈಗೆ ಕೊಟ್ಟು ಹುಡುಕಲು ಹೇಳಿ, ಅರ್ಧ ಗಂಟೆ ನಿಮಗೆ ಬಿಡುವು. ಒಳಗಿರುವ ಜೇಕಬ್ ಬಾಲಾಸ್ ಮಕ್ಕಳ ತೋಟವೂ ಉಚಿತ. ಆದರೆ ಜೊತೆಗೆ ಮಗು ಇಲ್ಲದ ದೊಡ್ಡವರನ್ನು ಬಿಡುವುದಿಲ್ಲ.

ನೀರುನಾಯಿ ನೋಡಬೇಕಾ? ಬಿಷಾನ್–ಆಂಗ್ ಮೊ ಕಿಯೊ ಪಾರ್ಕಿಗೆ ಬೆಳಿಗ್ಗೆ ಬೇಗ ಹೋಗಿ. ಮೊದಲು ಅಲ್ಲಿ ಇದ್ದದ್ದು ಬರೀ ಕಾಂಕ್ರೀಟ್ ಕಾಲುವೆ. ಅದನ್ನು ಒಡೆದು, ಕಲ್ಲು, ಗಿಡ, ಹುಲ್ಲಿನ ದಡ ಮಾಡಿ 2012ರಲ್ಲಿ ಮತ್ತೆ ನದಿಯಾಗಿಸಿದರು. ಅದೃಷ್ಟವಿದ್ದರೆ ನೀರುನಾಯಿಗಳ ಇಡೀ ಸಂಸಾರವೇ ಕಾಣುತ್ತದೆ. ಮರಿಗಳಿದ್ದರೆ ಹತ್ತಿರ ಹೋಗಬೇಡಿ. ಜೋರು ಮಳೆಯಲ್ಲಿ ನದಿ ಹುಲ್ಲುಹಾಸಿನ ಮೇಲೂ ಹರಡಿಕೊಳ್ಳುತ್ತದೆ. ಹಾಗೆಂದೇ ಕಟ್ಟಿದ್ದಾರೆ. ಎಚ್ಚರಿಕೆಯ ಸೈರನ್ ಕೂಗಿದರೆ ವಿಡಿಯೊ ಆಮೇಲೆ, ಮೊದಲು ಮೇಲೆ ಬನ್ನಿ.

ಮೆಕ್‌ರಿಚಿ ನಿಜವಾದ ಕಾಡು. ಮರಗಳ ತಲೆಯ ಮಟ್ಟದಲ್ಲಿ 250 ಮೀಟರ್ ತೂಗುಸೇತುವೆ ಇದೆ, ಸೋಮವಾರ ರಜೆ. ಸೇತುವೆ ಮುಟ್ಟಲು ಗಂಟೆಗಟ್ಟಲೆ ನಡೆಯಬೇಕು, ಸ್ಟ್ರೋಲರ್ ಒಯ್ಯಬೇಡಿ. ಇಲ್ಲಿನ ಕೋತಿಗಳಿಗೆ ಪ್ಲಾಸ್ಟಿಕ್ ಚೀಲ ಕಂಡರೆ ಊಟ ಕಂಡಂತೆ. ಮೊದಲ ಸಲ ಹೋದಾಗ ನಮ್ಮ ಚಿತ್ರಾನ್ನ ಹೋಯಿತು, ಡಬ್ಬಿಯ ಸಮೇತ! ಬುತ್ತಿಯನ್ನು ಬ್ಯಾಗಿನೊಳಗೆ ಇಟ್ಟು ಜಿಪ್ ಹಾಕಿ. ಕೋತಿಗೆ ಬಾಳೆಹಣ್ಣು ಕೊಟ್ಟರೆ ಪುಣ್ಯ ಅನ್ನುವ ಲೆಕ್ಕ ಇಲ್ಲಿ ನಡೆಯುವುದಿಲ್ಲ. 2020ರಿಂದ ಯಾವ ಕಾಡುಪ್ರಾಣಿಗೂ ತಿಂಡಿ ಹಾಕುವಂತಿಲ್ಲ. ಪಾರಿವಾಳಕ್ಕೆ ಕಾಳು ಹಾಕುವುದೂ ತಪ್ಪೇ. ದಂಡ ಸಾವಿರಾರು ಡಾಲರಿಗೆ ಹೋಗಬಹುದು.

ಮಧ್ಯಾಹ್ನದ ಮೇಲೆ ಗುಡುಗು ಮಳೆ ಇಲ್ಲಿ ಮಾಮೂಲು. ಗುಡುಗಿದ ಕೂಡಲೇ ಮರದಡಿಯಿಂದ, ಬಯಲಿನಿಂದ ಎದ್ದುಬಿಡಿ. ಸೊಳ್ಳೆ ಕ್ರೀಮ್ ಮರೆಯಬೇಡಿ, ಡೆಂಗಿ ಇದೆ.

ಊರಿಂದ ಅಪ್ಪ, ಅಮ್ಮ, ಅತ್ತೆ, ಮಾವ ಬರುವ ಮೊದಲೇ ಒಂದು ಮಾತು ಹೇಳಿಡಿ. ಬೆಳಗಿನ ವಾಕಿಂಗ್‌ನಲ್ಲಿ ಪೂಜೆಗೆಂದು ನಾಲ್ಕು ದಾಸವಾಳ ಕಿತ್ತು ತರುವುದು ನಮ್ಮ ಕಡೆ ಯಾರೂ ತಪ್ಪೆನ್ನದ ಅಭ್ಯಾಸ. ಇಲ್ಲಿ ಪಾರ್ಕಿನ ಹೂವು, ಎಲೆ, ಹಣ್ಣು ಕೀಳುವುದು ಕಾನೂನಿಗೆ ವಿರುದ್ಧ. ಯುಗಾದಿಯ ಮಾವಿನ ಸೊಪ್ಪಿಗೂ ಇದೇ ನಿಯಮ. ಹಬ್ಬದ ಹಿಂದಿನ ಸಂಜೆ ಲಿಟಲ್ ಇಂಡಿಯಾಕ್ಕೆ ಹೋಗಿ, ತೆಕ್ಕಾ ಮಾರ್ಕೆಟ್ಟಿನ ಸುತ್ತಮುತ್ತ ಎಲ್ಲವೂ ಸಿಗುತ್ತದೆ. ಸ್ವಲ್ಪ ಬೇಗ ಹೋಗಿ, ಮಲ್ಲಿಗೆ ಬೇಗ ಖಾಲಿಯಾಗುತ್ತದೆ.