ಭಾನುವಾರದ ಒಂದು ಗಂಟೆ: ಬೀದಿಯವರೆಲ್ಲ ಸೇರಿ ಸೊಳ್ಳೆ ಮರಿ ಹಿಡಿಯುವುದು ಹೇಗೆ?

ಮಳೆ ಹಿಡಿದು ಹದಿನೈದು ದಿನ ಆಯಿತು ಅಂದರೆ ಬೀದಿಯ ವಾಟ್ಸ್‌ಆ್ಯಪ್ ಗ್ರೂಪಿನಲ್ಲಿ ಒಂದು ಮೆಸೇಜು ಬಂದೇ ಬರುತ್ತದೆ: ‘ಸೊಳ್ಳೆ ಜಾಸ್ತಿ ಆಗಿದೆ, ಯಾರಾದ್ರೂ ಹೇಳಿ ಹೊಗೆ ಹೊಡೆಸಿ.’ ಹೊಗೆ ಬರುತ್ತದೆ, ಎಲ್ಲರೂ ಕೆಮ್ಮುತ್ತಾರೆ, ಎರಡು ದಿನ ಸೊಳ್ಳೆ ಕಾಣುವುದಿಲ್ಲ. ಆಮೇಲೆ ಮತ್ತೆ ಅದೇ ಕಥೆ. ಹೊಗೆಗೆ ಸಾಯುವುದು ಹಾರಾಡುವ ಸೊಳ್ಳೆ ಮಾತ್ರ. ಬಚ್ಚಲುಮನೆಯ ಡ್ರಮ್ಮಿನಲ್ಲಿರುವ ಮರಿಗೆ ಅದರಿಂದ ಏನೂ ಆಗುವುದಿಲ್ಲ. ಅಲ್ಲಿಯವರೆಗೆ ಹೋಗಬಲ್ಲವರು ಬೀದಿಯವರೇ.

ಮೊದಲು ದಿನ ಗೊತ್ತು ಮಾಡಿ

ಡೆಂಗಿ ಹರಡುವ ಈಡಿಸ್ ಸೊಳ್ಳೆಯ ಮೊಟ್ಟೆ ಮರಿಯಾಗಿ, ಕೋಶವಾಗಿ, ರೆಕ್ಕೆ ಬಲಿತು ಹಾರಲು ಸುಮಾರು 7ರಿಂದ 10 ದಿನ ಬೇಕು. ಹಾಗಾಗಿ ವಾರಕ್ಕೊಮ್ಮೆ, ಅಂದರೆ ಪ್ರತಿ ಭಾನುವಾರ, ನಿಂತ ನೀರು ಚೆಲ್ಲಿದರೆ ಹಾರುವ ಮೊದಲೇ ಸಿಕ್ಕಿಬೀಳುತ್ತದೆ. ಹದಿನೈದು ದಿನಕ್ಕೊಮ್ಮೆ ಮಾಡಿದರೆ ಮಾಡಿದ್ದೂ ಒಂದೇ, ಬಿಟ್ಟಿದ್ದೂ ಒಂದೇ. ಈ ಸೊಳ್ಳೆ ಹುಟ್ಟಿದ ಜಾಗ ಬಿಟ್ಟು ಬಹಳ ದೂರ ಹಾರುವುದಿಲ್ಲ. ನಿಮ್ಮನ್ನು ಕಚ್ಚಿದ್ದು ಹೆಚ್ಚಾಗಿ ನಿಮ್ಮ ಮನೆಯದ್ದೋ ಪಕ್ಕದ ಮನೆಯದ್ದೋ ಆಗಿರುತ್ತದೆ. ಆದ್ದರಿಂದ ಇಡೀ ವಾರ್ಡಿನ ಚಿಂತೆ ಬೇಡ. ಮೂವತ್ತು ನಲವತ್ತು ಮನೆಯ ಒಂದು ಬೀದಿ ಸಾಕು.

ಇಬ್ಬಿಬ್ಬರಾಗಿ ಹೋಗಿ

ಒಬ್ಬರು ಹೆಣ್ಣುಮಕ್ಕಳು ಇರಲಿ. ಬಚ್ಚಲು, ಅಡುಗೆಮನೆ ನೋಡಬೇಕಲ್ಲ, ಬರೀ ಗಂಡಸರು ಹೋದರೆ ಬಾಗಿಲಲ್ಲೇ ಮಾತು ಮುಗಿಯುತ್ತದೆ. ಆಶಾ ಕಾರ್ಯಕರ್ತೆ ಜೊತೆಗೆ ಬಂದರೆ ಇನ್ನೂ ಒಳ್ಳೆಯದು. ಟಾರ್ಚ್, ಬಿಳಿ ಮಗ್ಗು, ತೆಂಗಿನ ನಾರು, ಒಂದು ನೋಟ್‌ಬುಕ್ ಇಟ್ಟುಕೊಳ್ಳಿ. ‘ನಿಮ್ಮ ಮನೇಲಿ ಹುಳ ಇದೆಯಾ ನೋಡ್ತೀವಿ’ ಅಂದರೆ ಯಾರಿಗಾದರೂ ಸಿಟ್ಟು ಬರುತ್ತದೆ. ನಾವು ಮೊದಲ ವಾರ ನಮ್ಮ ಮನೆಯಿಂದಲೇ ಶುರು ಮಾಡಿದೆವು. ಫ್ರಿಜ್ಜಿನ ಹಿಂದಿನ ಟ್ರೇಯಲ್ಲೇ ಮರಿಗಳು ಸಿಕ್ಕವು! ಮಗ್ಗಿನಲ್ಲಿ ಹಿಡಿದು ಪಕ್ಕದ ಮನೆಯವರಿಗೆ ತೋರಿಸಿದೆ. ‘ನಮ್ಮದೂ ನೋಡಿ’ ಅಂತ ಅವರೇ ಕರೆದರು.

ಎಲ್ಲಿ ನೋಡಬೇಕು?

ಎಲ್ಲರ ಕಣ್ಣು ಮೊದಲು ಹೋಗುವುದು ಮೋರಿಯ ಕಡೆ. ಮೋರಿಯ ಗಲೀಜು ನೀರಿನಲ್ಲಿ ಬೆಳೆಯುವ ಕ್ಯೂಲೆಕ್ಸ್ ಬೇರೆ ಜಾತಿ. ರಾತ್ರಿ ಕಾಡುತ್ತದೆ, ಆನೆಕಾಲು ರೋಗ ಹರಡುತ್ತದೆ, ಆದರೆ ಡೆಂಗಿ ತರುವುದು ಅದಲ್ಲ. ಕಾಲಿನ ಮೇಲೆ ಬಿಳಿ ಪಟ್ಟೆ ಇರುವ ಈಡಿಸ್‌ಗೆ ಬೇಕಾದ್ದು ನಾವು ಹಿಡಿದಿಟ್ಟ ತಿಳಿನೀರು. ಅದು ಕಚ್ಚುವುದೂ ಹಗಲಲ್ಲೇ.

ಡ್ರಮ್ಮು, ಕೊಡ, ಹಿತ್ತಲ ಒರಳುಕಲ್ಲು, ಹೂಕುಂಡದ ಕೆಳಗಿನ ತಟ್ಟೆ, ಮನಿಪ್ಲಾಂಟ್ ಬಾಟಲಿ, ತಾರಸಿಯ ಟಾರ್ಪಾಲಿನ ಮಡಿಕೆ, ಹಳೇ ಟೈರು, ಎಳನೀರು ಬುರುಡೆ. ತೋಟದ ಸೀಮೆಯವರಾದರೆ ಅಡಿಕೆ ಹಾಳೆ, ರಬ್ಬರ್ ಹಾಲು ಹಿಡಿಯುವ ಚಿಪ್ಪು. ರಬ್ಬರ್ ಹಾಲು ಇಳಿಸುವುದನ್ನು (ಟ್ಯಾಪಿಂಗ್) ನಿಲ್ಲಿಸಿದಾಗ ಚಿಪ್ಪು ಬೋರಲು ಹಾಕಲೇಬೇಕು. ಟಾರ್ಚ್ ಬಿಟ್ಟ ಕೂಡಲೇ ಮೇಲಿದ್ದ ಹುಳುಗಳು ನುಲಿಯುತ್ತಾ ತಳಕ್ಕೆ ಇಳಿದರೆ ಅವು ಸೊಳ್ಳೆ ಮರಿಗಳೇ.

ಚೆಲ್ಲಿದರೆ ಸಾಲದು, ಉಜ್ಜಿ

ಹೆಚ್ಚಿನವರು ತಪ್ಪುವುದು ಇಲ್ಲೇ. ಈಡಿಸ್ ಮೊಟ್ಟೆ ಇಡುವುದು ನೀರಿನ ಅಂಚಿನಿಂದ ತುಸು ಮೇಲೆ, ಪಾತ್ರೆಯ ಗೋಡೆಗೆ ಅಂಟಿಸಿ. ನೀರು ಚೆಲ್ಲಿದರೂ ಮೊಟ್ಟೆ ಅಲ್ಲೇ ಇರುತ್ತದೆ. ಒಣಗಿದರೂ ತಿಂಗಳುಗಟ್ಟಲೆ ಬದುಕಿದ್ದು, ಮತ್ತೆ ನೀರು ತಾಗಿದಾಗ ಒಡೆಯುತ್ತದೆ. ಬೇಸಿಗೆಯಲ್ಲಿ ಖಾಲಿ ಬಿದ್ದಿದ್ದ ಟೈರಿನಿಂದ ಮೊದಲ ಮಳೆಗೇ ಸೊಳ್ಳೆ ಏಳುವುದು ಹೀಗೆ. ಆದ್ದರಿಂದ ಒಳಗೋಡೆಯನ್ನು ನಾರಿನಿಂದ ಚೆನ್ನಾಗಿ ಉಜ್ಜಿ, ತೊಳೆದು, ಬಿಸಿಲಿಗೆ ಬೋರಲು ಹಾಕಿ. ಮರಿ ಇರುವ ನೀರನ್ನು ಮೋರಿಗೆ ಸುರಿಯಬೇಡಿ. ಒಣ ನೆಲಕ್ಕೆ ಚೆಲ್ಲಿ, ಅಲ್ಲೇ ಸಾಯುತ್ತವೆ.

ಚೆಲ್ಲಲಾಗದ ನೀರು

ನೀರು ಬಿಡುವುದೇ ನಾಲ್ಕು ದಿನಕ್ಕೊಮ್ಮೆ ಆದರೆ ತುಂಬಿದ ಡ್ರಮ್ಮು ಚೆಲ್ಲಿ ಎನ್ನುವುದು ನ್ಯಾಯವಲ್ಲ, ಅಲ್ವಾ? ಅಂಥ ಡ್ರಮ್ಮಿಗೆ ಹಳೇ ಪಂಚೆ ಮುಚ್ಚಿ ಸೈಕಲ್ ಟ್ಯೂಬಿನ ತುಂಡಿನಿಂದ ಬಿಗಿಯಾಗಿ ಕಟ್ಟಿ. ನೀರು ಮುಗಿದ ದಿನವೇ ಉಜ್ಜಿ. ಸಂಪು, ಸಿಂಟೆಕ್ಸ್ ಮುಚ್ಚಳದಲ್ಲಿ ಸಂದು ಇರಬಾರದು. ತಾರಸಿ ಟ್ಯಾಂಕು, ಬಾವಿ, ಕಟ್ಟಡ ಕಾಮಗಾರಿಯ ನೀರಿನಲ್ಲಿ ಮಲೇರಿಯಾ ಸೊಳ್ಳೆಯೂ ಬೆಳೆಯುತ್ತದೆ. ಮಂಗಳೂರಿನವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಮರಿ ಕೊಲ್ಲುವ ಟೆಮಿಫಾಸ್ ಔಷಧದ ಅಳತೆ ಆರೋಗ್ಯ ಇಲಾಖೆಯವರಿಗೆ ಬಿಡಿ, ನೀವೇ ಹಾಕಬೇಡಿ. ಬಳಸದ ಬಾವಿ, ತೊಟ್ಟಿಗೆ ಗಪ್ಪಿ ಮೀನು ಬಿಡಬಹುದು, ಮರಿಗಳನ್ನು ತಿನ್ನುತ್ತದೆ. ಆದರೆ ಅದು ನಮ್ಮ ದೇಶದ ಮೀನಲ್ಲ. ಕೆರೆಗೆ, ಹಳ್ಳಕ್ಕೆ ಬಿಟ್ಟರೆ ನಮ್ಮ ಮೀನುಗಳಿಗೆ ಕಂಟಕ.

ಬೀಗ ಹಾಕಿದ ಮನೆ, ಖಾಲಿ ಸೈಟು

ಮೊದಲು ಮಾಲೀಕರಿಗೆ ಫೋನ್ ಮಾಡಿ, ತಾರಸಿ ಕೀ ಯಾರ ಹತ್ತಿರ ಇದೆ ಕೇಳಿ. ಜಗ್ಗದಿದ್ದರೆ ಫೋಟೊ ಸಮೇತ ನಗರಸಭೆಗೋ ಪಂಚಾಯಿತಿಗೋ ಕೊಡಿ. 2024ರಲ್ಲಿ ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಘೋಷಿಸಿದಾಗ ರಾಜ್ಯ ಸರ್ಕಾರ ಸೊಳ್ಳೆ ಬೆಳೆಯಲು ಬಿಟ್ಟವರಿಗೆ ದಂಡವನ್ನೂ ಗೊತ್ತು ಮಾಡಿತು. ನಗರದ ಮನೆಗೆ 400 ರೂಪಾಯಿ, ಹಳ್ಳಿಯ ಮನೆಗೆ 200. ಖಾಲಿ ಸೈಟು, ಕಟ್ಟುತ್ತಿರುವ ಕಟ್ಟಡವಾದರೆ ನಗರದಲ್ಲಿ 2,000. ದಂಡದ ಮಾತನ್ನು ಕೊನೆಗೆ ಇಟ್ಟುಕೊಳ್ಳಿ, ನಾಳೆಯೂ ಅವರ ಮುಖ ನೋಡಬೇಕು.

ಯಾರಿಗಾದರೂ ಜ್ವರ ಬಂದರೆ

ಮೊದಲ ಐದು ದಿನದೊಳಗೆ ಡೆಂಗಿ ಪತ್ತೆ ಹಚ್ಚುವ ಎನ್‌ಎಸ್1 ರಕ್ತಪರೀಕ್ಷೆ ಮಾಡಿಸಲಿ. ಆಸ್ಪಿರಿನ್, ಐಬುಪ್ರೊಫೆನ್ ನುಂಗಬಾರದು, ರಕ್ತಸ್ರಾವ ಹೆಚ್ಚಬಹುದು. ಜ್ವರ ಇಳಿಯುವ ಹೊತ್ತಿನಲ್ಲಿ ಹೊಟ್ಟೆನೋವು, ನಿಲ್ಲದ ವಾಂತಿ, ವಸಡಿನಲ್ಲಿ ರಕ್ತ ಕಂಡರೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ರೋಗಿ ಹಗಲೂ ಸೊಳ್ಳೆಪರದೆಯೊಳಗೇ ಮಲಗಲಿ. ಅವರನ್ನು ಕಚ್ಚಿದ ಸೊಳ್ಳೆಯೇ ಮುಂದೆ ಪಕ್ಕದವರಿಗೆ ರೋಗ ಅಂಟಿಸುವುದು. ಆ ವಾರ ಭಾನುವಾರಕ್ಕೆ ಕಾಯದೆ ಅಕ್ಕಪಕ್ಕದ ಮನೆಗಳನ್ನೆಲ್ಲ ಅಂದೇ ನೋಡಿಬಿಡಿ.

ನೋಟ್‌ಬುಕ್ಕಿನಲ್ಲಿ ಏನು ಬರೆಯಬೇಕು?

ಎರಡೇ ಅಂಕಿ: ಎಷ್ಟು ಮನೆ ನೋಡಿದಿರಿ, ಎಷ್ಟರಲ್ಲಿ ಮರಿ ಸಿಕ್ಕಿತು. 40ರಲ್ಲಿ 6 ಅಂದರೆ ನೂರಕ್ಕೆ 15. ಪಕ್ಕದಲ್ಲಿ ಮನೆಯವರ ಹೆಸರು ಬೇಡ, ಎಲ್ಲಿ ಸಿಕ್ಕಿತು ಅಂತ ಬರೆಯಿರಿ: ಡ್ರಮ್ಮು, ಟ್ರೇ, ಟೈರು. ಮುಂದಿನ ಭಾನುವಾರ ಆ ಆರು ಮನೆಯಿಂದಲೇ ಶುರು ಮಾಡಿ.