ಪಿಟಿಒ ಶಾಫ್ಟಿನ ಗಾರ್ಡ್: ಬಿಚ್ಚುವ ಪ್ರಸಂಗವೇ ಬಾರದಂತೆ ಕೂಡಿಸಿದ ಬಗೆ

ಮಹಾರಾಷ್ಟ್ರದ ಜತ್ತ ತಾಲ್ಲೂಕಿನ ಉಮದಿ, ಸಂಖ ಭಾಗದ ದ್ರಾಕ್ಷಿ ತೋಟಗಳಲ್ಲಿ ಟ್ರ್ಯಾಕ್ಟರಿನ ಪಿಟಿಒಗೆ, ಅಂದರೆ ಎಂಜಿನ್ನಿನ ಬಲವನ್ನು ಶಾಫ್ಟಿನ ಮೂಲಕ ಹಿಂದಿನ ಮಷೀನಿಗೆ ಕೊಡುವ ತಿರುಗುವ ತುದಿಗೆ, ಬಿಡುವೆಂಬುದಿಲ್ಲ. ಅಕ್ಟೋಬರ್ ಚಾಟಣಿಯಾದ (ಬಳ್ಳಿ ಸವರಿದ) ಮೇಲೆ ಔಷಧ ಹೊಡೆಯುವ ಬ್ಲೋವರ್, ಬಿತ್ತನೆಗೆ ಮೊದಲು ರೋಟಾವೇಟರ್, ತೊಗರಿ ಮತ್ತು ಜೋಳದ ಸುಗ್ಗಿಗೆ ರಾಶಿ ಮಷೀನು. ಈ ಮೂರಕ್ಕೂ ನಾನೇ ತಿರುಗುವ ಶಾಫ್ಟನ್ನು ಮುಚ್ಚುವ ಗಾರ್ಡ್ ಕೂಡಿಸಿ, ಸವೆದಾಗ ಬದಲಿಸಿ ನೋಡಿದ್ದೇನೆ. ಗಾರ್ಡ್ ತಾನಾಗಿ ಒಡೆದು ಹೋಗುವುದು ಕಡಿಮೆ, ನಾವೇ ಬಿಚ್ಚಿ ಇಡುವುದು ಹೆಚ್ಚು. ಗ್ರೀಸ್ ಗನ್ ಒಳಗೆ ಹೋಗಲಿಲ್ಲ, ಪಿನ್ ಒತ್ತಲು ಬೆರಳು ಸಿಗಲಿಲ್ಲ, ತಿರುವಿನಲ್ಲಿ ಕರಕರ ಸಪ್ಪಳ ಬಂತು ಎಂದು ಒಮ್ಮೆ ತೆಗೆದರೆ ಅದು ಕೊಟ್ಟಿಗೆ ಸೇರಿತೆಂದೇ ಲೆಕ್ಕ. ಆದ್ದರಿಂದ ಗಾರ್ಡ್ ಕೂಡಿಸುವುದೆಂದರೆ ಅದನ್ನು ಬಿಚ್ಚಬೇಕಾಗುವ ಕಾರಣಗಳನ್ನು ಒಂದೊಂದಾಗಿ ತೆಗೆದುಹಾಕುವುದು. ಕೆಳಗೆ ಬರೆದದ್ದೆಲ್ಲ ಆ ಕೆಲಸವೇ.

ಮೊದಲು ವೇಗದ ಲೆಕ್ಕ. ನಮ್ಮಲ್ಲಿರುವ ಪಿಟಿಒ ಬಹುತೇಕ 540 ಆರ್‌ಪಿಎಂನದು, 35 ಮಿ.ಮೀ. ದಪ್ಪ, 6 ಹಲ್ಲು. ನಿಮಿಷಕ್ಕೆ 540 ಅಂದರೆ ಸೆಕೆಂಡಿಗೆ 9 ಸುತ್ತು. ಶಾಫ್ಟಿನ ಪೈಪು ಐದೂವರೆ ಸೆಂ.ಮೀ. ದಪ್ಪವಿದ್ದರೆ ಅದರ ಸುತ್ತಳತೆ ಸುಮಾರು 17 ಸೆಂ.ಮೀ. ಒಂದು ಸೆಕೆಂಡಿನಲ್ಲಿ ಒಂದೂವರೆ ಮೀಟರ್ ಬಟ್ಟೆಯನ್ನು ಅದು ಸುತ್ತಿಕೊಳ್ಳುತ್ತದೆ. ಅಂಗಿಯ ತೋಳಿನ ತುದಿ ಸಿಕ್ಕರೆ ಭುಜದವರೆಗೆ ಎಳೆಯಲು ಅರ್ಧ ಸೆಕೆಂಡು ಸಾಕು. ಬಟ್ಟೆ ಸುತ್ತಿದಷ್ಟೂ ದಪ್ಪ ಹೆಚ್ಚುತ್ತದೆ, ಎಳೆತ ಇನ್ನೂ ಜೋರಾಗುತ್ತದೆ. ಕೈ ಹಿಂದಕ್ಕೆ ಎಳೆದುಕೊಳ್ಳಬೇಕೆಂದು ಮನಸ್ಸಿಗೆ ಬರುವಷ್ಟರಲ್ಲೇ ಎಲ್ಲ ಮುಗಿದಿರುತ್ತದೆ. ಲಿವರ್ ಹತ್ತಿರ ಇನ್ನೊಬ್ಬರು ನಿಂತಿದ್ದರೂ ಅವರ ಕೈಲಿ ಏನೂ ಆಗುವುದಿಲ್ಲ. ಔಷಧ ಹೊಡೆಯುವಾಗ ಹಾಕುವ ಸಡಿಲ ರೇನ್‌ಕೋಟು, ಪ್ಲಾಸ್ಟಿಕ್ ಏಪ್ರನ್ನಿನ ಲಾಡಿ, ಹೆಗಲ ಮೇಲಿನ ಟಾವೆಲ್, ರಾಶಿ ಮಾಡುವ ಹೆಣ್ಣುಮಕ್ಕಳ ಸೆರಗು, ಇವೆಲ್ಲ ಶಾಫ್ಟಿನ ಎತ್ತರಕ್ಕೇ ತೂಗುತ್ತಿರುತ್ತವೆ.

ಗಾರ್ಡಿನ ರಚನೆ ಸರಳ. ಒಂದರೊಳಗೊಂದು ಸರಿಯುವ ಎರಡು ಪ್ಲಾಸ್ಟಿಕ್ ಕೊಳವೆ, ಎರಡು ತುದಿಗೆ ಗಂಟೆಯಾಕಾರದ ಕೋನ್, ಯೋಕಿನ (ಶಾಫ್ಟಿನ ತುದಿಯ ಕವೆಯ) ಕುತ್ತಿಗೆಯ ತೋಡಿನಲ್ಲಿ ಕೂರುವ ಎರಡು ನೈಲಾನ್ ರಿಂಗು, ಎರಡು ಸಣ್ಣ ಚೈನು. ರಿಂಗೇ ಇಲ್ಲಿ ಬೇರಿಂಗು. ಶಾಫ್ಟು ಒಳಗೆ ತಿರುಗುತ್ತದೆ, ಚೈನು ಹಿಡಿದಿರುವುದರಿಂದ ಕೊಳವೆ ನಿಂತೇ ಇರುತ್ತದೆ. ಕೊಳವೆಯೂ ಶಾಫ್ಟಿನ ಜತೆ ತಿರುಗತೊಡಗಿದರೆ ಅದನ್ನು ಗಾರ್ಡ್ ಎನ್ನುವಂತಿಲ್ಲ.

ತರುವಾಗ 'ಇಷ್ಟು ಎಚ್‌ಪಿ ಟ್ರ್ಯಾಕ್ಟರಿಗೆ ಕೊಡಿ' ಎಂದು ಕೇಳಿದರೆ ಬೇರೆ ಅಳತೆಯದು ಬರುತ್ತದೆ. ಹಳೆಯ ಶಾಫ್ಟಿನ ಕ್ರಾಸಿಗೆ (ಎರಡು ಯೋಕುಗಳನ್ನು ಜೋಡಿಸುವ, ನಾಲ್ಕು ತುದಿಗೂ ಬೇರಿಂಗ್ ಕಪ್ಪಿರುವ ತುಂಡಿಗೆ) ವರ್ನಿಯರ್ ಹಿಡಿದು ಎರಡು ಅಳತೆ ಬರೆದುಕೊಳ್ಳಬೇಕು: ಕಪ್ಪಿನ ವ್ಯಾಸ, ಮತ್ತು ಒಂದು ಕಪ್ಪಿನ ತುದಿಯಿಂದ ಎದುರಿನ ಕಪ್ಪಿನ ತುದಿಗೆ ಉದ್ದ. ಸಣ್ಣ ಶಾಫ್ಟಿನಲ್ಲಿ 22×54, ದೊಡ್ಡದರಲ್ಲಿ 27×74.6 ಅಥವಾ 30.2×80 ಮಿ.ಮೀ. ಹೀಗೆ ಸಿಗುತ್ತದೆ. ಪೈಪು ತ್ರಿಕೋನವೋ, ನಿಂಬೆಯಾಕಾರವೋ, ಚೌಕವೋ ಎಂಬುದನ್ನೂ ನೋಡಬೇಕು. ವಿಜಯಪುರ, ಸಾಂಗಲಿ ಎಲ್ಲಿಗೆ ಹೋದರೂ ಇವಿಷ್ಟು ಹೇಳಿದರೆ ಸರಿಯಾದ ರಿಂಗು ಸಿಗುತ್ತದೆ. ಕುತ್ತಿಗೆಗೆ ತೋಡೇ ಇಲ್ಲದ ಸ್ಥಳೀಯ ಶಾಫ್ಟುಗಳೂ ಇವೆ. ಅದಕ್ಕೆ ಲೇಥಿನಲ್ಲಿ ತೋಡು ಹೊಡೆಸುತ್ತಾರೆ, ನಾನದನ್ನು ಒಪ್ಪುವುದಿಲ್ಲ. ಪೂರ್ತಿ ತಿರುಚುವ ಬಲ ಹಾಯುವ ಜಾಗವದು, ಅಲ್ಲೇ ಕಬ್ಬಿಣ ತೆಳುವಾಗುತ್ತದೆ. ಅಂಥದ್ದನ್ನು ಗಾರ್ಡ್ ಸಮೇತ ಹೊಸ ಶಾಫ್ಟಿಗೆ ಬದಲಿಸುವುದೇ ಸರಿ.

ಉದ್ದದ ಅಳತೆಯಲ್ಲಿ ತಪ್ಪುವವರು ಬಹಳ. ಬ್ಲೋವರ್‌ನಂಥ ಎಳೆದೊಯ್ಯುವ ಮಷೀನಿನಲ್ಲಿ ಕೊಂಡಿ ನಡುವೆ ಇರುವುದರಿಂದ ಟ್ರ್ಯಾಕ್ಟರು ನೇರವಾಗಿದ್ದಾಗ ಶಾಫ್ಟು ಹೆಚ್ಚು ಚಾಚಿರುತ್ತದೆ, ಪೂರ್ತಿ ತಿರುಗಿಸಿದಾಗ ಎಲ್ಲಕ್ಕಿಂತ ಗಿಡ್ಡವಾಗುತ್ತದೆ. ರೋಟಾವೇಟರಿನಲ್ಲಿ ಹಾಗಲ್ಲ. ಎರಡೂ ಕಡೆಯ ಶಾಫ್ಟ್ ತುದಿ ಒಂದೇ ಮಟ್ಟಕ್ಕೆ ಬಂದಾಗ ಗಿಡ್ಡ, ಪೂರ್ತಿ ಎತ್ತಿದಾಗ ಅಥವಾ ಮಣ್ಣಿಗೆ ಇಳಿಸಿದಾಗ ಉದ್ದ. ಬ್ಲೋವರನ್ನು ನೇರ ನಿಲ್ಲಿಸಿ ಅಳತೆ ಮಾಡಿದರೆ ಸಾಲಿನ ತುದಿಯಲ್ಲಿ ತಿರುಗಿಸಿದಾಗ ಪೈಪು ತಳ ತಾಕಿ ಟ್ರ್ಯಾಕ್ಟರಿನ ಪಿಟಿಒ ಬೇರಿಂಗನ್ನೂ ಗೇರ್‌ಬಾಕ್ಸಿನ ಆಯಿಲ್ ಸೀಲನ್ನೂ ಒತ್ತುತ್ತದೆ. ಗಾರ್ಡಿನ ಕೊಳವೆಗೂ ಅದೇ ಗತಿ. ಕೋನ್ ಸೀಳುತ್ತದೆ, 'ಪ್ಲಾಸ್ಟಿಕ್ ಕಚ್ಚಾ' ಎಂದು ಬೈದು ಬಿಚ್ಚುತ್ತಾರೆ. ಪ್ಲಾಸ್ಟಿಕ್ಕಿನ ತಪ್ಪು ಅಲ್ಲಿ ಇರುವುದಿಲ್ಲ.

ನಾನು ಅಳೆಯುವುದು ಹೀಗೆ. ಎಂಜಿನ್ ಬಂದ್ ಮಾಡಿ ಚಾವಿ ಕಿಸೆಗೆ ಹಾಕಿಕೊಂಡು, ಶಾಫ್ಟನ್ನು ಎರಡು ತುಂಡಾಗಿ ಬೇರ್ಪಡಿಸಿ, ಒಂದನ್ನು ಟ್ರ್ಯಾಕ್ಟರಿಗೆ ಒಂದನ್ನು ಮಷೀನಿಗೆ ಸಿಕ್ಕಿಸುತ್ತೇನೆ. ಅತಿ ಗಿಡ್ಡ ಸ್ಥಿತಿಯಲ್ಲಿ ಎರಡನ್ನೂ ಪಕ್ಕಪಕ್ಕ ಹಿಡಿದು, ಪ್ರತಿ ಪೈಪಿನ ತುದಿಗೂ ಎದುರು ತಳಕ್ಕೂ ನಡುವೆ 4 ಸೆಂ.ಮೀ. ಜಾಗ ಉಳಿಯುವಂತೆ ಗುರುತು ಹಾಕುತ್ತೇನೆ. ಆಮೇಲೆ ಅತಿ ಉದ್ದದ ಸ್ಥಿತಿಗೆ ತಂದು, ಒಳಪೈಪು ಹೊರಪೈಪಿನೊಳಗೆ ಕಡಿಮೆಯೆಂದರೂ ಮೂರನೇ ಒಂದು ಭಾಗ ಉಳಿಯುತ್ತದೆಯೇ ನೋಡುತ್ತೇನೆ. ಉಳಿಯದಿದ್ದರೆ ಆ ಶಾಫ್ಟು ಆ ಮಷೀನಿಗಲ್ಲ. 6 ಸೆಂ.ಮೀ. ಕತ್ತರಿಸಬೇಕೆಂದು ಬಂದರೆ ಒಳಪೈಪಿನಲ್ಲಿ 6, ಹೊರಪೈಪಿನಲ್ಲಿ 6, ಗಾರ್ಡಿನ ಎರಡು ಕೊಳವೆಯಲ್ಲೂ ತಲಾ 6. ನಾಲ್ಕು ಕಡೆ ಒಂದೇ ಅಳತೆ. ಹ್ಯಾಕ್ಸಾದಲ್ಲಿ ಕತ್ತರಿಸಿ, ಅಂಚಿನ ಒಳಗೂ ಹೊರಗೂ ಅರ ಹೊಡೆದು, ಪುಡಿ ಒರೆಸಿ, ಒಳಪೈಪಿಗೆ ಗ್ರೀಸ್ ಸವರಬೇಕು. ಅರ ಹೊಡೆಯದೆ ಬಿಟ್ಟ ಅಂಚು ಪೈಪನ್ನು ಕಚ್ಚಿ ಹಿಡಿಯುತ್ತದೆ. ಜೋಡಿಸುವಾಗ ಎರಡು ಒಳ ಯೋಕುಗಳ ಕಿವಿ ಒಂದೇ ಸಾಲಿಗೆ ಬರಬೇಕು. ಸಾಲು ತಪ್ಪಿದರೆ ಶಾಫ್ಟು ನಡುಗಿ ರಿಂಗು ಬೇಗ ಸವೆಯುತ್ತದೆ.

ಈಗ ಗಾರ್ಡ್ ಕೂಡಿಸುವುದು. ಕುತ್ತಿಗೆಯ ತೋಡನ್ನು ಡೀಸೆಲ್ ಹಚ್ಚಿ ತೊಳೆದು, ಔಷಧದ ಬಿಳಿ ಹೊಪ್ಪಳಿಕೆಯನ್ನು ಉಗುರಿಗೆ ಹತ್ತದಂತೆ ತೆಗೆಯಬೇಕು. ಆ ಪುಡಿ ಗ್ರೀಸಿಗೆ ಸೇರಿದರೆ ಉಸುಕು ಕಾಗದದಂತೆ ನೈಲಾನನ್ನು ತಿನ್ನುತ್ತದೆ. ರಿಂಗನ್ನು ಅಗಲಿಸಿ ತೋಡಿಗೆ ಕೂರಿಸಿ, ಗ್ರೀಸ್ ತುಂಬಿ, ಕೋನಿನ ತೂತಿಗೆ ರಿಂಗಿನ ಮೂತಿ ಬರುವಂತೆ ಕೊಳವೆ ಸರಿಸಿ ಕ್ಲಿಪ್ಪೋ ಸ್ಕ್ರೂವೋ ಬಿಗಿಯಬೇಕು. ಹೊರಕೊಳವೆಯ ರಿಂಗೂ ಒಳಕೊಳವೆಯ ರಿಂಗೂ ಬೇರೆ ಅಳತೆಯವು, ಅದಲು ಬದಲಾದರೆ ಒಂದು ಕಡೆ ಬಿಗಿ, ಇನ್ನೊಂದು ಕಡೆ ಸಡಿಲ.

ಗ್ರೀಸಿನ ದಾರಿ ನೋಡಿಕೊಳ್ಳುವುದು ಇದೇ ಹೊತ್ತಿನಲ್ಲಿ. ಕ್ರಾಸಿಗೆ 8 ತಾಸಿಗೊಮ್ಮೆ, ಸ್ಪ್ರೇ ದಿನಗಳಲ್ಲಿ ಅಂದರೆ ದಿನಾ ಗ್ರೀಸ್ ಬೇಕು. ಗ್ರೀಸ್ ಹೋಗುವ ಮೂತಿ, ಅಂದರೆ ನಿಪ್ಪಲ್, ಕೋನಿನೊಳಗೆ ಅಡಗಿದ್ದರೆ ದಿನಾ ಕೋನ್ ಬಿಚ್ಚಬೇಕು, ನಾಲ್ಕನೇ ದಿನ ಯಾರೂ ತಿರುಗಿ ಹಾಕುವುದಿಲ್ಲ. ಕ್ರಾಸನ್ನು ಕೂರಿಸುವಾಗಲೇ ನಿಪ್ಪಲ್ ಕೊಳವೆಯ ಕಡೆಗೆ ಮುಖ ಮಾಡದೆ ಹೊರತುದಿಯ ಕಡೆಗೆ, ಕೋನಿನ ಬಾಯಿಯಿಂದ ಕಾಣುವಂತೆ ಇಡುತ್ತೇನೆ. ಗನ್ನಿನ ಗಟ್ಟಿ ನಳಿಕೆ ತೆಗೆದು 30 ಸೆಂ.ಮೀ. ಬಾಗುವ ಪೈಪು ಹಾಕಿದ್ದೇನೆ. ಶಾಫ್ಟನ್ನು ಕೈಯಿಂದ ತಿರುಗಿಸಿ ನಿಪ್ಪಲ್ ಮೇಲೆ ತಂದು, ಕೋನ್ ಬಾಯಿಯಿಂದ ನಳಿಕೆ ತೂರಿಸಿ ಎರಡು ಮೂರು ಸಲ ಒತ್ತಿದರಾಯಿತು. ಕೊಳವೆಯ ರಿಂಗಿಗೆ ಗ್ರೀಸ್ ಹಾಕುವ ತೂತು ಕೊಳವೆಯ ಮೇಲೆಯೇ ಇರುತ್ತದೆ, ಅದನ್ನು ಹೆಚ್ಚಿನವರು ಗಮನಿಸುವುದೇ ಇಲ್ಲ. ಕೆಸರು ತುಂಬಿ ಮುಚ್ಚಿರುತ್ತದೆ, ಕಡ್ಡಿಯಿಂದ ತೆಗೆದು ಅಲ್ಲಿಗೂ ಗ್ರೀಸ್ ಕೊಡಬೇಕು. ಒಣಗಿದ ರಿಂಗೇ ಕೊಳವೆಯನ್ನು ಶಾಫ್ಟಿನ ಜತೆ ಎಳೆಯುವುದು.

ಚೈನಿನ ಉದ್ದವನ್ನೂ ನೇರ ನಿಂತಾಗ ನೋಡಬಾರದು. ಪೂರ್ತಿ ತಿರುವು, ಪೂರ್ತಿ ಎತ್ತುಗಡೆ ಎರಡರಲ್ಲೂ ಚೈನು ಬಿಗಿಯಾಗಬಾರದು, ಹಾಗೆಂದು ನೆಲಕ್ಕೆ ಜೋತುಬಿದ್ದು ಸುತ್ತಿಕೊಳ್ಳುವಷ್ಟು ಉದ್ದವೂ ಇರಬಾರದು. ಟ್ರ್ಯಾಕ್ಟರ್ ಕಡೆಯ ಚೈನನ್ನು ಮೇಲೆ ಕೆಳಗೆ ಆಡುವ ಲಿಂಕಿಗೆ ಕಟ್ಟದೆ ಕದಲದ ಜಾಗಕ್ಕೆ ಕಟ್ಟಬೇಕು. ಮಷೀನ್ ಕಡೆಯದನ್ನು ಅದರ ಚೌಕಟ್ಟಿಗೆ. ಮಷೀನ್ ಬಿಚ್ಚಿಟ್ಟಾಗ ಶಾಫ್ಟನ್ನು ಈ ಚೈನಿಗೆ ತೂಗುಹಾಕುವ ರೂಢಿ ಕೆಟ್ಟದ್ದು, ಅದರ ಭಾರಕ್ಕೆ ಕೊಂಡಿ ಬಾಯಿ ತೆರೆಯುತ್ತದೆ. ಚೈನ್ ಪದೇ ಪದೇ ಹರಿಯುತ್ತಿದ್ದರೆ ದಪ್ಪ ತಂತಿ ಕಟ್ಟಿ ಸುಮ್ಮನಾಗಬೇಡಿ. ಒಳಗೆ ರಿಂಗು ಸಿಕ್ಕಿಕೊಂಡಿದೆ ಎಂದು ಚೈನು ಹೇಳುತ್ತಿದೆ. ತಂತಿ ಹರಿಯದೆ ನಿಂತರೆ ಕೊಳವೆಯೇ ಸೀಳಿ ಚೂರು ಹಾರುತ್ತದೆ.

ಶಾಫ್ಟನ್ನು ಪಿಟಿಒಗೆ ಹಿಡಿಸುವ ಸ್ಪ್ರಿಂಗ್ ಪಿನ್ ಜಂಗು ಹಿಡಿದಾಗ ಅದನ್ನು ಕಿತ್ತು ನಟ್ಟು ಬೋಲ್ಟ್ ಹಾಕುವುದು ನಮ್ಮಲ್ಲಿ ಸಾಮಾನ್ಯ. ದಯವಿಟ್ಟು ಹಾಗೆ ಮಾಡಬೇಡಿ. ಎರಡು ಸೆಂ.ಮೀ. ಹೊರಗೆ ಚಾಚಿದ ಬೋಲ್ಟು ತಿರುಗುವಾಗ ಕಣ್ಣಿಗೆ ಕಾಣುವುದಿಲ್ಲ, ಬಟ್ಟೆಯನ್ನು ಕೊಕ್ಕೆಯಂತೆ ಹಿಡಿಯುತ್ತದೆ. ಪಿನ್ನೂ ಸ್ಪ್ರಿಂಗೂ ಬಿಡಿಯಾಗಿ ಸಿಗುತ್ತವೆ. ಶಿಯರ್ ಬೋಲ್ಟ್ (ಭಾರ ಮೀರಿದಾಗ ತಾನೇ ತುಂಡಾಗುವ ಬೋಲ್ಟು) ಇರುವ ಶಾಫ್ಟಾದರೆ ತಯಾರಕರು ಹೇಳಿದ ಅಳತೆ, ಅದೇ ಗ್ರೇಡಿನದು ಹಾಕಿ, ಉದ್ದ ಉಳಿದದ್ದನ್ನು ಹಾಗೇ ಬಿಡದೆ ಸರಿಯಾದ ಉದ್ದದ್ದೇ ತನ್ನಿ.

ಟ್ರ್ಯಾಕ್ಟರಿನ ಹಿಂದೆ ಪಿಟಿಒ ಮೇಲಿನ ಕಬ್ಬಿಣದ ಮುಚ್ಚಳ ಹೊಸ ಗಾಡಿಗೆ ಬಂದಿರುತ್ತದೆ, ಟ್ರೇಲರ್ ಕೊಂಡಿ ಕೂಡಿಸುವಾಗ ಹೋಗಿರುತ್ತದೆ. ಹೋಗಿದ್ದರೆ ಡೀಲರ್ ಹತ್ತಿರ ಅದೇ ಮಾದರಿಯದನ್ನು ತರಿಸಬೇಕು. ವೆಲ್ಡಿಂಗ್ ಅಂಗಡಿಯಲ್ಲೇ ಮಾಡಿಸುವುದಾದರೆ 3 ಮಿ.ಮೀ. ಪ್ಲೇಟಿನಲ್ಲಿ, ಮೇಲೂ ಎರಡು ಬದಿಯೂ ಮುಚ್ಚುವಂತೆ. ಜನ ಅದರ ಮೇಲೆ ಕಾಲಿಟ್ಟು ಹತ್ತುವುದು ತಪ್ಪುವುದಿಲ್ಲ, ಆಳು ನಿಂತರೂ ಬಗ್ಗಬಾರದು. ಅದರ ಅಂಚು ಶಾಫ್ಟಿನ ಕೋನನ್ನು 5 ಸೆಂ.ಮೀ.ಯಷ್ಟಾದರೂ ದಾಟಿ ಮುಚ್ಚಬೇಕು. ಪಿನ್ ಒತ್ತಲು ಕೈ ಹೋಗುವಷ್ಟು ಜಾಗವನ್ನು ಕೆಳಗಿನಿಂದ ಬಿಟ್ಟಿದ್ದೇನೆ, ಇಲ್ಲದಿದ್ದರೆ ಮುಚ್ಚಳವೂ ಕೊಟ್ಟಿಗೆಗೆ ಹೋಗುತ್ತದೆ. ಮಷೀನ್ ಇಲ್ಲದಾಗ ಪಿಟಿಒ ತುದಿಗೆ ಕರಿ ಟೋಪಿ ಹಾಕುವುದು ಹೇಗೂ ಇದ್ದೇ ಇದೆ.

ರಾಶಿ ಮಷೀನು ಒಂದೇ ಕಡೆ ನಿಲ್ಲುವುದರಿಂದ ಅದಕ್ಕೆ ಇನ್ನೊಂದು ಅನುಕೂಲ. ಪ್ಲಾಸ್ಟಿಕ್ ಗಾರ್ಡಿನ ಮೇಲೆ 16 ಗೇಜ್ ತಗಡಿನ ತಲೆಕೆಳಗಾದ ಡೋಣಿಯಂಥ ಹೊದಿಕೆ ಮಾಡಿಸಿದ್ದೇನೆ. ಒಳ ಅಗಲ 25 ಸೆಂ.ಮೀ., ಅಂಚಿಗೆ 25 ಮಿ.ಮೀ. ಆ್ಯಂಗಲ್. ಮಷೀನ್ ಕಡೆ ಎರಡು ಕೀಲು, ಟ್ರ್ಯಾಕ್ಟರ್ ಕಡೆಯ ತುದಿ ಕಾಲಿನ ಮೇಲೆ ನಿಂತು ಮುಚ್ಚಳದ ಮೇಲೆ ಚಾಚುತ್ತದೆ, ಬೋಲ್ಟಿಲ್ಲ. ಶಾಫ್ಟ್ ಸಿಕ್ಕಿಸುವಾಗ ಎತ್ತಿ ಹಿಂದಕ್ಕೆ ಮಗುಚಿದರಾಯಿತು. ಜೋಳದ ಕಣಿಕೆಯೂ ತೊಗರಿ ಕಟ್ಟಿಗೆಯೂ ಶಾಫ್ಟಿಗೆ ಸುತ್ತಿಕೊಳ್ಳುವುದು ಇದರಿಂದ ನಿಂತಿದೆ. ನಡೆಯುವ ಶಾಫ್ಟಿನಿಂದ ಕಣಿಕೆ ಕೀಳಲು ಹೋಗುವುದೇ ಕಣದಲ್ಲಿ ಕೈ ಹೋಗುವ ದಾರಿ. ರಾಶಿ ಮಷೀನು ಅಪಾಯಕಾರಿ ಯಂತ್ರಗಳ 1983ರ ಕಾಯ್ದೆಯ ವ್ಯಾಪ್ತಿಗೆ ಬರುತ್ತದೆ, ತೆನೆ ಹಾಕುವ ಬಾಯಿಯ ಬಗ್ಗೆ ಎಲ್ಲರಿಗೂ ಅಷ್ಟಿಷ್ಟು ಎಚ್ಚರವಿದೆ. ಹಿಂದಿನ ಶಾಫ್ಟಿನ ಬಗ್ಗೆ ಆ ಎಚ್ಚರ ಇನ್ನೂ ಬಂದಿಲ್ಲ ಎಂಬುದೇ ನನ್ನ ಸಂಕಟ. ಪಿಟಿಒ ಲಿವರ್ ತೆಗೆದ ಮೇಲೂ ಭಾರದ ಚಕ್ರದ ದಮ್ಮಿಗೆ ಮಷೀನು ತಿರುಗುತ್ತಲೇ ಇರುತ್ತದೆ. ಶಾಫ್ಟು ಪೂರ್ತಿ ನಿಂತದ್ದು ಕಣ್ಣಿಗೆ ಕಂಡ ಮೇಲೆ, ಎಂಜಿನ್ನೂ ಬಂದಾದ ಮೇಲೆ ಹತ್ತಿರ ಹೋಗಬೇಕು.

110 ಮಿ.ಮೀ. ಪಿವಿಸಿ ಪೈಪು ಸೀಳಿ ಶಾಫ್ಟಿಗೆ ತೊಡಿಸುವುದನ್ನೂ ನೋಡಿದ್ದೇನೆ. ಬೇರಿಂಗಿಲ್ಲದ್ದರಿಂದ ಅದು ಶಾಫ್ಟಿನ ಮೇಲೆಯೇ ಕೂತು ಅದರ ಜತೆಗೇ ತಿರುಗುತ್ತದೆ, ಯೋಕು ಎರಡೂ ಕಡೆ ಬತ್ತಲೆ. ಗಾರ್ಡ್ ಇದೆ ಎಂಬ ಧೈರ್ಯ ಮಾತ್ರ ಬರುತ್ತದೆ, ಅದಕ್ಕೇ ಅದು ಏನೂ ಇಲ್ಲದ್ದಕ್ಕಿಂತ ಕೆಟ್ಟದ್ದು.

ತಿರುವಿನಲ್ಲಿ ಬರುವ ಕರಕರ ಸಪ್ಪಳ ಕೋನು ಮುಚ್ಚಳಕ್ಕೆ ತಾಕುವುದರಿಂದ. ಸಾಮಾನ್ಯ ಕ್ರಾಸು 30 ಡಿಗ್ರಿಗಿಂತ ಹೆಚ್ಚು ಬಾಗಿದಾಗ ತಿರುಗಬಾರದು, ಕ್ರಾಸಿಗೂ ಅದು ಕೇಡು. ಸಾಲಿನ ತುದಿಯಲ್ಲಿ ಪಿಟಿಒ ತೆಗೆದು ತಿರುಗಿ, ನೇರವಾದ ಮೇಲೆ ಹಾಕುವುದು ರೂಢಿಯಾದರೆ ಗಾರ್ಡು ಎರಡು ಪಟ್ಟು ಬಾಳುತ್ತದೆ. ರೋಟಾವೇಟರನ್ನು ಪೂರ್ತಿ ಎತ್ತುವಾಗಲೂ ಹೀಗೇ. ಡಬಲ್ ಕ್ಲಚ್ ಗಾಡಿಯಲ್ಲಿ ಕ್ಲಚ್ಚನ್ನು ಅರ್ಧ ಒತ್ತಿದರೆ ಗಾಡಿ ನಿಲ್ಲುತ್ತದೆಯೇ ಹೊರತು ಪಿಟಿಒ ನಿಲ್ಲುವುದಿಲ್ಲ. ಹೊಸ ಡ್ರೈವರಿಗೆ ಇದನ್ನು ಮೊದಲ ದಿನವೇ ಹೇಳಬೇಕು.

ಬಿಸಿಲಿಗೆ ಪ್ಲಾಸ್ಟಿಕ್ ಬೆಳ್ಳಗಾಗಿ ಪುಡಿ ಬಿಡತೊಡಗಿದರೆ ಬದಲಿಸುವ ಕಾಲ ಬಂತೆಂದು ತಿಳಿಯಬೇಕು. ಶಾಫ್ಟನ್ನು ನೆರಳಿಗೆ, ನೆಲ ಮುಟ್ಟದಂತೆ ಇಟ್ಟರೆ ತಡವಾಗಿ ಬರುತ್ತದೆ. ದಿನದ ಪರೀಕ್ಷೆ ಒಂದು ನಿಮಿಷದ್ದು: ಎಂಜಿನ್ ಬಂದ್ ಇದ್ದಾಗ ಕೊಳವೆಯನ್ನು ಎರಡು ಕೈಲಿ ಹಿಡಿದು ಚೈನ್ ಬಿಟ್ಟಷ್ಟು ಆಚೆ ಈಚೆ ತಿರುಗಿಸಿ ನೋಡುವುದು. ತಡೆದರೆ ರಿಂಗಿಗೆ ಗ್ರೀಸ್. ಗ್ರೀಸ್ ಕೊಟ್ಟರೂ ತಡೆದರೆ ಹೊಸ ರಿಂಗು. ಒಂದು ಜೊತೆ ರಿಂಗು, ಎರಡು ಚೈನು ಹತಾರ ಪೆಟ್ಟಿಗೆಯಲ್ಲಿ ಸದಾ ಇರುತ್ತವೆ.

ಗಾರ್ಡಿನ ಮೇಲಿನ ಎಚ್ಚರಿಕೆ ಚೀಟಿ ಇಂಗ್ಲಿಷಿನದು, ಎರಡು ತಿಂಗಳಿಗೆ ಅಳಿಸಿಹೋಗುತ್ತದೆ. ಇಲ್ಲಿ ದುಡಿಯುವವರಲ್ಲಿ ಕನ್ನಡ ಶಾಲೆ ಕಲಿತವರೂ ಇದ್ದಾರೆ, ಮರಾಠಿ ಶಾಲೆ ಕಲಿತವರೂ ಇದ್ದಾರೆ. ಮುಚ್ಚಳದ ಮೇಲೆ ಕೆಂಪು ಆಯಿಲ್ ಪೇಂಟಿನಲ್ಲಿ ಎರಡೂ ಭಾಷೆಯಲ್ಲಿ 'ದಾಟಬೇಡಿ' ಎಂದು ಬರೆಸಿದ್ದೇನೆ. ಕೊಳವೆಯ ಮೇಲೆ ಈ ತುದಿಯಿಂದ ಆ ತುದಿಗೆ ಎರಡು ಬೆರಳು ಅಗಲದ ಬಿಳಿ ಪಟ್ಟಿ ಎಳೆದಿದ್ದೇನೆ. ಶಾಫ್ಟು ನಡೆಯುವಾಗ ದೂರದಿಂದಲೇ ಪಟ್ಟಿ ಸ್ಪಷ್ಟ ಕಂಡರೆ ಗಾರ್ಡು ನಿಂತಿದೆ, ಚೈನು ನೆಟ್ಟಗಿದೆ. ಪಟ್ಟಿ ಮಸುಕಾಗಿ ಕೊಳವೆಯೆಲ್ಲ ಬೂದಿಬಣ್ಣ ಕಂಡರೆ ಆಗಲೇ ಎಂಜಿನ್ ಬಂದ್ ಮಾಡಿಸುತ್ತೇನೆ.